ಸಾಕು ಎನ್ನುವ ಸ್ನಾಯು

ಪಾವಗಡ ಸೀಮೆಯ ವೈ.ಎನ್.ಹೊಸಕೋಟೆಯಲ್ಲಿ ರೇಷ್ಮೆ ಸೀರೆ ಕೊಳ್ಳಲು ಬಂದವರು ಸೆರಗು, ಅಂಚು ನೋಡಿ ಬೆಲೆ ಕೇಳಿ ಹೋಗುತ್ತಾರೆ. ನನ್ನ ಕಣ್ಣು ಹೋಗುವುದು ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತ ಹಿರಿಯರ ಮೀನಖಂಡದ ಮೇಲೆ. ತುಳಿದು ತುಳಿದು ಗಟ್ಟಿಯಾದದ್ದು, ಆದರೆ ಒಂದು ಅಳತೆಗೆ ಬಂದು ನಿಂತದ್ದು. ವಯಸ್ಸಾದಂತೆ ಕರಗುವುದೂ ಅದೇ. ಬೆಳೆಯುವ ಸ್ನಾಯುವಿಗೆ ‘ನಿಲ್ಲು’ ಎಂದವರು ಯಾರು?

ಇದು ಕೆಲಸವಿಲ್ಲದವರ ಪ್ರಶ್ನೆ ಎನ್ನಬೇಡಿ. ಇದನ್ನೇ ಹಿಡಿದು ವರ್ಷಾನುಗಟ್ಟಲೆ ದುಡಿದವರಲ್ಲಿ ರವಿ ಕಂಬದೂರ್ ಒಬ್ಬರು. ಗಡಿಯಾಚೆ ಅನಂತಪುರ ಜಿಲ್ಲೆಯಲ್ಲಿ ಕಂಬದೂರು ಇರುವಾಗ ಇಂಥ ಹೆಸರು ಕಿವಿಗೆ ಬಿದ್ದರೆ ನಮ್ಮ ಸೀಮೆಯವರು ‘ನಮ್ಮ ಕಡೆಯವರೇ’ ಎಂದು ಅರ್ಧ ನೆಂಟಸ್ತನ ಹಚ್ಚಿಬಿಡುತ್ತಾರೆ. ಅವರು ಕೆಲಸ ಮಾಡಿದ್ದು ಮಾತ್ರ ದೂರದ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ, ಕೃಷಿ ಸಂಶೋಧನಾ ಸಂಸ್ಥೆಯೊಂದರಲ್ಲಿ; ಆಮೇಲೆ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ.

ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಿದೆ. ಫೋಟೋ ನೋಡಿದರೆ ಗಾಬರಿಯಾಗುತ್ತದೆ. ತೊಡೆಯ ಹಿಂದೆ ಸ್ನಾಯುಗಳ ನಡುವಿನ ಸೀಳು ಚರ್ಮದ ಮೇಲೇ ಎದ್ದು ಕಾಣುತ್ತದೆ. ಕರು ಎಷ್ಟು ದಪ್ಪವೆಂದರೆ ಬಹುಪಾಲು ಹಸುಗಳಿಗೆ ಹೊಟ್ಟೆ ಕೊಯ್ದೇ ಹೆರಿಗೆ ಮಾಡಿಸಬೇಕು. 1997ರಲ್ಲಿ ಕಂಬದೂರ್ ಮತ್ತು ಸಂಗಡಿಗರು ಇದರ ಗುಟ್ಟು ಬರೆದರು: ಮಯೋಸ್ಟಾಟಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದೆ, ಡಿಎನ್‌ಎಯ 11 ಅಕ್ಷರಗಳು ಬಿಟ್ಟುಹೋಗಿವೆ. ಬೆಲ್ಜಿಯಂ, ಅಮೆರಿಕದ ತಂಡಗಳೂ ಅದೇ ವರ್ಷ ಅದನ್ನೇ ಹೇಳಿದವು. ವಿಜ್ಞಾನದಲ್ಲಿ ಹೀಗೆ ಒಂದೇ ಬಾಗಿಲನ್ನು ಮೂರು ಕಡೆಯವರು ಒಟ್ಟಿಗೆ ತಟ್ಟುವುದುಂಟು. ಮೊದಲು ಯಾರು ಎಂಬ ಜಗಳ ನಮಗೆ ಬೇಡ.

ಈ ಮಯೋಸ್ಟಾಟಿನ್ ಹೊರಗಿನಿಂದ ಬಂದದ್ದಲ್ಲ, ಸ್ನಾಯುವೇ ತನ್ನ ಬೆಳವಣಿಗೆಗೆ ‘ಸಾಕು’ ಎನ್ನಲು ತಯಾರಿಸಿಕೊಳ್ಳುವುದು. ಮದುವೆಯೂಟದಲ್ಲಿ ಹೋಳಿಗೆ ಬಡಿಸುವವನು ಮತ್ತೆ ಬಂದಾಗ ಎಲೆಗೆ ಅಡ್ಡ ಕೈ ಹಿಡಿಯುತ್ತೇವಲ್ಲ, ಹಾಗೆ. ಆ ಕೈ ಇಲ್ಲದ್ದೇ ಬೆಲ್ಜಿಯನ್ ಬ್ಲೂ. ನಮ್ಮ ಹಳ್ಳಿಕಾರ್ ಎತ್ತಿಗೆ ಇಂಥ ಮೈ ಬಂದಿದ್ದರೆ ಪಾವಗಡದ ಬರದಲ್ಲಿ ಮೇವು ಹಾಕುವವರಾರು? ಮೈ ಬಿಗಿಯಾಗಿ, ಕಾಲು ಚುರುಕಾಗಿ, ಹೆಗಲ ಮೇಲೆ ಹಿಣಿಲು ಎದ್ದು ನಿಂತಿದ್ದರೆ ಸಾಕು. ಅಂದಹಾಗೆ ಆ ಹಿಣಿಲು ಬರೀ ಕೊಬ್ಬಲ್ಲ, ಹೆಚ್ಚಾಗಿ ಸ್ನಾಯುವೇ.

ದನದ ಲೆಕ್ಕ ಅಲ್ಲಿಗೆ ಮುಗಿಸಿದ್ದರೆ ಕಂಬದೂರರ ಹೆಸರು ಮಾಂಸದ ವ್ಯಾಪಾರಿಗಳ ನಡುವೆಯೇ ಉಳಿಯುತ್ತಿತ್ತು. ಅವರ ಹೆಚ್ಚುಗಾರಿಕೆ ನನಗೆ ಕಾಣುವುದು ಆಮೇಲಿನ ಕೆಲಸದಲ್ಲಿ. ಸ್ನಾಯುವಿನ ಎಳೆಗೆ ಅಂಟಿಕೊಂಡು ಮಲಗಿರುವ ಸಣ್ಣ ಕೋಶಗಳಿವೆ, ಸ್ಯಾಟಲೈಟ್ ಕೋಶಗಳೆಂದು ಹೆಸರು. 1961ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಕಂಡವು. ಪೆಟ್ಟಾದಾಗ ಇವು ಎದ್ದು, ಹೆಚ್ಚಿ, ಒಡೆದದ್ದನ್ನು ರಿಪೇರಿ ಮಾಡುತ್ತವೆ. ಮಯೋಸ್ಟಾಟಿನ್ ಇವುಗಳನ್ನೂ ಏಳಗೊಡುವುದಿಲ್ಲ ಎಂದು ಅವರ ತಂಡ 2003ರಲ್ಲಿ ತೋರಿಸಿತು. ದನದ ತೊಡೆಯಿಂದ ಹೊರಟ ಪ್ರಶ್ನೆ ಮುಪ್ಪಿನವರ ಸೊರಗಿದ ಕಾಲಿಗೆ ಬಂದು ತಲುಪಿತು. ಒಂದೇ ಪ್ರೋಟೀನಿನ ಹಿಂದೆ ಬೀಳುವುದು ಸಣ್ಣತನವೆಂದು ಮೂಗು ಮುರಿಯುವವರಿಗೆ ನಾನು ಇದನ್ನೇ ತೋರಿಸುವುದು.

ಹಾಗಾದರೆ ಆ ಅಡ್ಡ ಕೈ ಸರಿಸುವ ಔಷಧಿ ಬಂತೇ? ಪ್ರಯತ್ನ ಬೇಕಾದಷ್ಟು ನಡೆದಿದೆ. ಇಲಿಯ ಸ್ನಾಯು ಚೆನ್ನಾಗಿಯೇ ಉಬ್ಬಿತು. ಸ್ನಾಯುಕ್ಷಯದ ಮಕ್ಕಳ ಮೇಲೆ ಒಂದು ದೊಡ್ಡ ಔಷಧಿ ಪರೀಕ್ಷೆಯನ್ನು ಫಲ ಕಾಣದೆ 2018ರಲ್ಲಿ ನಿಲ್ಲಿಸಿದರು. ಆದರೂ ಜಿಮ್ ಹುಡುಗರಿಗೆ ಮಾರುವ ಕೆಲವು ಡಬ್ಬಿಗಳ ಮೇಲೆ ‘ಮಯೋಸ್ಟಾಟಿನ್ ತಡೆಯುತ್ತದೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅಂಥದ್ದು ಕಂಡರೆ, ತಮ್ಮಂದಿರಾ, ಡಬ್ಬಿ ಅಂಗಡಿಯಲ್ಲೇ ಇರಲಿ. ಆ ದುಡ್ಡಿಗೆ ಕಡಲೆಬೀಜ, ಮೊಟ್ಟೆ ಕೊಂಡು ತಿನ್ನಿ.