ತಂತಿಯ ತಪ್ಪೋ ನಮ್ಮ ತಪ್ಪೋ

ಪಾಠ ಹೇಳುವ ಕೆಲಸದಿಂದ ನಿವೃತ್ತರಾದಮೇಲೆ ನಾವು ಒಂದು ವಿದ್ಯಾರ್ಥಿನಿಲಯದ ಗೌರವ ಕಾರ್ಯದರ್ಶಿಗಳಾದೆವು. ಅಲ್ಲಿಯ ಕಚೇರಿಯಲ್ಲಿ ಐದು ಕಂಪ್ಯೂಟರುಗಳು. ಐದನ್ನೂ ತಂತಿಗಳಿಂದ ಕೂಡಿಸಿ, ರೌಟರೆಂಬ ಪೆಟ್ಟಿಗೆಯ ಮೂಲಕ ಇಂಟರ್‌ನೆಟ್ಟಿಗೆ ಸೇರಿಸಿದೆ. ಈಚೆಗೆ ಈ ಏರ್ಪಾಟಿಗೊಂದು ವಿಚಿತ್ರ ವ್ಯಾಧಿ ತಗುಲಿತು. ನಿತ್ಯವೂ ಕೆಟ್ಟಿದ್ದರೆ ಹಿಡಿಯಬಹುದಾಗಿತ್ತು. ಇದಾದರೋ ಬಿಟ್ಟು ಬಿಟ್ಟು ಬರುವ ಚಳಿಜ್ವರದ ಜಾತಿಯದು. ಶುಲ್ಕದ ರಶೀದಿ ತಯಾರಿಸುತ್ತಿರುವಾಗಲೇ ಎಲ್ಲ ಯಂತ್ರಗಳೂ ಮಂಕಾಗಿ, ಮುಕ್ಕಾಲು ಗಂಟೆಯ ತರುವಾಯ ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದುವು.

ಮೊದಲು ತಂತಿಯನ್ನು ಬದಲಾಯಿಸಿದೆವು. ಮಾರನೆಯ ದಿನ ಎಲ್ಲವೂ ಸರಾಗ! ಗೆದ್ದೆವೆಂದುಕೊಳ್ಳುವಷ್ಟರಲ್ಲಿ ರೋಗ ಮರುಕಳಿಸಿತು. ತಂತಿಗಳು ಕೂಡುವ ಸ್ವಿಚ್ಚನ್ನು ಬದಲಾಯಿಸಿದೆವು; ಅದೇ ಕಥೆ. ಬಂದುಹೋಗುವ ದೋಷಕ್ಕೆ ಯಾವ ಔಷಧವಿತ್ತರೂ ಒಂದೆರಡು ದಿನ ಗುಣ ಕಂಡೀತು. ಅದು ಬರಿಯ ಕಾಕತಾಳೀಯ. ಹುಡುಗರಿಗೆ ತರ್ಕಸಂಗ್ರಹವನ್ನು ಹೇಳಿಕೊಟ್ಟ ನಮಗೆ ಇದು ಹೊಳೆಯಲಿಲ್ಲ. ಹೊಳೆದದ್ದು, ಗುಮಾಸ್ತೆಯಾದ ಹುಡುಗಿಯು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿರಬೇಕೆಂದು! ಎಲ್ಲರೆದುರಿಗೆ ಹಾಗೆಂದು, ಕಚೇರಿಯ ಹೊತ್ತಿನಲ್ಲಿ ಅವಳ ಮೊಬೈಲನ್ನು ಮೇಜಿನ ಖಾನೆಯಲ್ಲಿಡಿಸಿ ಬೀಗ ಹಾಕಿದೆವು. ಆಕೆ ಮಾತಾಡಲಿಲ್ಲ. ರೋಗವೂ ಹೋಗಲಿಲ್ಲ.

ಕೊನೆಗೆ ನಮ್ಮ ಹಳೆಯ ಶಿಷ್ಯನೊಬ್ಬನು ಬಂದನು. ಅವನು ಯಾವುದನ್ನೂ ಬದಲಾಯಿಸದೆ, 1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ರಚಿಸಿದ ಪಿಂಗ್ ಎಂಬ ಉಪಾಯವನ್ನು ಹೂಡಿದನು. ಒಂದು ಯಂತ್ರವು ಇನ್ನೊಂದನ್ನು ಕೂಗಿ, ಅದು ಓಗೊಡಲು ಎಷ್ಟು ಹೊತ್ತಾಯಿತೆಂದು ಎಣಿಸುವುದು, ಅಷ್ಟೆ. ಮಂಕು ಕವಿದ ಹೊತ್ತಿನಲ್ಲಿಯೂ ರೌಟರು 1 ಮಿಲಿಸೆಕೆಂಡಿನೊಳಗೆ, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ, ಓಗೊಟ್ಟಿತು. ಹೊರಗಿನ ಯಂತ್ರವಾದರೋ ವಾಡಿಕೆಯ 20ಕ್ಕೆ ಬದಲಾಗಿ 900 ತೆಗೆದುಕೊಂಡಿತು. ಎಂದಮೇಲೆ ಒಳಗಿನ ತಂತಿ ನಿರಪರಾಧಿ, ತೊಡಕು ಬಾಗಿಲಿನಲ್ಲಿ.

“ಯಾವ ಯಾವ ದಿನ ಹೀಗಾಯಿತು?” ಎಂದು ಅವನು ಕೇಳಲು, ಗುಮಾಸ್ತೆಯು ಒಂದು ನೋಟುಪುಸ್ತಕವನ್ನು ಮುಂದಿಟ್ಟಳು. ಸೋಮವಾರ, ಗುರುವಾರ, ಹನ್ನೊಂದು ಗಂಟೆ. ಅವು ನಾವು ನಿಲಯದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ದಿನಗಳು! ಪುಟವೊಂದರ ಬಣ್ಣದ ಪ್ರತಿ ಸುಮಾರು 26 ಮೆಗಾಬೈಟು. ದಿನಕ್ಕೆ 120 ಪುಟ. ನಮ್ಮ ಯಂತ್ರವು ಅಷ್ಟನ್ನೂ ತಾನಾಗಿಯೇ ಕ್ಲೌಡೆಂಬ ದೂರದ ಉಗ್ರಾಣಕ್ಕೆ ಸಾಗಿಸುತ್ತಿತ್ತು. ಹೊರಹೋಗುವ ದಾರಿಯಾದರೋ ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ. ನಲವತ್ತು ನಿಮಿಷಕ್ಕೂ ಮಿಕ್ಕ ಕೆಲಸ. ಓಣಿಯಲ್ಲಿ ಹುಲ್ಲಿನ ಗಾಡಿಗಳು ಸಾಲುಗಟ್ಟಿದರೆ, ಒಂದೇ ಕಾಗದ ಹಿಡಿದ ಟಪ್ಪಾಲಿನವನೂ ಹಿಂದೆ ನಿಲ್ಲಬೇಕಷ್ಟೆ. ಹೊರಗಿನಿಂದ ಏನನ್ನು ತರಿಸಿಕೊಳ್ಳುವುದಕ್ಕೂ ಕೋರಿಕೆಯು ಆ ಓಣಿಯಲ್ಲಿಯೇ ಹೋಗಬೇಕು.

ಶಿಷ್ಯನು ಸಾಗಣೆಯನ್ನು ನಿಲ್ಲಿಸಿದನು, 20. ಮತ್ತೆ ಬಿಟ್ಟನು; 900. ಹೀಗೆ ಮೂರು ಸಲ. ಅನ್ವಯವ್ಯತಿರೇಕಗಳೆರಡೂ ನಮ್ಮ ವಿರುದ್ಧವೇ ಸಾಕ್ಷಿ ನುಡಿದುವು. ಸಾಗಣೆಯನ್ನು ರಾತ್ರಿ ಹತ್ತು ಗಂಟೆಗೆ ಗೊತ್ತುಮಾಡಿ, 4 ಮೆಗಾಬಿಟ್ಟನ್ನು ಮೀರದಂತೆ ಅದಕ್ಕೆ ಕಟ್ಟು ಹಾಕಿದನು.

“ನಾವು ಸ್ಕ್ಯಾನಿಗೆ ಕೂರುವ ದಿನವೇ ಹೀಗೆಂದು ನಿನಗೆ ತಿಳಿದಿತ್ತೇನಮ್ಮ?” ಎಂದೆವು.

“ತಿಳಿದಿತ್ತು, ಮೇಷ್ಟ್ರೇ. ಹೇಳಿದ್ದರೆ ನಿಮ್ಮ ಮೇಲೆ ಹೊರಿಸಿದಂತಾಗುತ್ತಿತ್ತು.”

ಬೀಗದ ಕೈ ನಮ್ಮ ಜೇಬಿನಲ್ಲಿಯೇ ಇತ್ತು. ಎಲ್ಲರೆದುರಿಗೇ ಖಾನೆಯನ್ನು ತೆಗೆದು, ತಪ್ಪು ನಮ್ಮದೆಂದು ಹೇಳಿ, ಮೊಬೈಲನ್ನು ಆಕೆಯ ಕೈಗೆ ಕೊಟ್ಟೆವು.