ಕಪಾಟಿನ ಹಿಂದಿನ ಬಾರು

ಸೊಲ್ಲಾಪುರಕ್ಕೆ ಹೋಗಿ ಬಂದವರಿಗೆಲ್ಲ ‘ಪರಮಿಟ್ ರೂಮ್’ ಅನ್ನುವ ಬೋರ್ಡು ಗೊತ್ತಿರುತ್ತದೆ. ನಾವು ಬಾರ್ ಅಂತ ಬರೆಯುವ ಕಡೆ ಮಹಾರಾಷ್ಟ್ರದವರು ಹಾಗೆ ಬರೆಯುತ್ತಾರೆ. ಅದು 1949ರ ಮುಂಬೈ ಪಾನನಿಷೇಧ ಕಾಯ್ದೆ ಬಿಟ್ಟುಹೋದ ಗುರುತು. ಕಾನೂನಿನ ಪ್ರಕಾರ ಅಲ್ಲಿ ಇವತ್ತಿಗೂ ಕುಡಿಯುವವನ ಹತ್ತಿರ ಪರವಾನಗಿ ಚೀಟಿ ಇರಬೇಕು. ಒಂದು ದಿನದ್ದು, ಒಂದು ವರ್ಷದ್ದು, ಜೀವನಪೂರ್ತಿಯದ್ದು ಅಂತ ಬೇರೆ ಬೇರೆ ಚೀಟಿಗಳಿವೆ. ಯಾರು ಕೇಳುತ್ತಾರೆ ಅನ್ನುವುದು ಬೇರೆ ಮಾತು. ನಿಷೇಧ ಬಿಗಿಯಾಗಿದ್ದ ಕಾಲದಲ್ಲಿ ಮುಂಬೈನ ಗಲ್ಲಿಗಳಲ್ಲಿ ‘ಆಂಟಿ ಬಾರ್’ಗಳು ಹುಟ್ಟಿಕೊಂಡವು. ಮನೆಯ ನಡುಮನೆಯಲ್ಲೇ ನಾಲ್ಕು ಕುರ್ಚಿ ಹಾಕಿ, ಆಂಟಿಯೊಬ್ಬಳು ಗ್ಲಾಸಿಗೆ ಸುರಿದು ಕೊಡುತ್ತಿದ್ದಳು. ಹೊರಗಿನಿಂದ ನೋಡಿದರೆ ಅದು ಮನೆ, ಅಷ್ಟೇ.

ಹೋದ ತಿಂಗಳು ಬೆಂಗಳೂರಿನಲ್ಲಿ ಎರಡು ರಾತ್ರಿ ಮೂರು ‘ಅಡಗಿದ ಬಾರು’ ಸುತ್ತಿದೆ. ಅದಕ್ಕೇ ಇದೆಲ್ಲ ನೆನಪಾಯಿತು. ಡಿಪ್ಲೊಮಾದಲ್ಲಿ ನನ್ನ ಜತೆ ಓದಿದ ಗೆಳತಿ ಈಗ ಅಲ್ಲಿ ಊಟ-ತಿಂಡಿ, ಹೋಟೆಲ್ ಬಗ್ಗೆ ಬರೆಯುವ ಕೆಲಸ ಮಾಡುತ್ತಾಳೆ. ಒಬ್ಬಳೇ ಹೋಗಲು ಬೇಸರವೆಂದು ಕರೆದಳು. ಬಿಲ್ಲು ಅವಳ ಕಂಪನಿಯದು ಅಂದ ಮೇಲೆ ನಾನು ಬೇಡ ಅನ್ನಲಿಲ್ಲ.

ಮೊದಲನೆಯದಕ್ಕೆ ಹೋದಾಗ ಬಾರು ಇದೆ ಅಂತಲೇ ಅನಿಸಲಿಲ್ಲ. ಕಾಫಿ ಅಂಗಡಿ. ಕಾಲೇಜು ಹುಡುಗರು ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಮೂಲೆಯಲ್ಲಿ ಪುಸ್ತಕದ ಕಪಾಟು. ಗೆಳತಿ ಅದರಲ್ಲಿ ಒಂದು ಪುಸ್ತಕ ಎಳೆದಳು, ಕಪಾಟೇ ಬಾಗಿಲಿನಂತೆ ತೆರೆದುಕೊಂಡಿತು. ಪುಸ್ತಕ ಅಸಲಿ ಅಲ್ಲ, ಹಿಡಿಕೆ. ಒಳಗೆ ಮಬ್ಬು ಬೆಳಕು, ಹಳೇ ಇಂಗ್ಲಿಷ್ ಹಾಡು, ಚರ್ಮದ ಸೋಫಾ. ಎರಡನೆಯದು ದರ್ಜಿ ಅಂಗಡಿಯ ವೇಷದ್ದು. ಹೊಲಿಗೆ ಯಂತ್ರದ ಪಕ್ಕದ ಟ್ರಯಲ್ ರೂಮಿನ ಕನ್ನಡಿ ನೂಕಿದರೆ ಒಳಗೆ ಬಾರು. ಅಲ್ಲಿಗೆ ಹೋಗಲು ಮೊದಲೇ ಫೋನಿನಲ್ಲಿ ಹೆಸರು ಬರೆಸಬೇಕು, ಅವರು ಆ ದಿನದ ಗುಟ್ಟಿನ ಪದ ಕಳಿಸುತ್ತಾರೆ. ಬಾಗಿಲಲ್ಲಿ ನಿಂತ ಹುಡುಗನ ಕಿವಿಯಲ್ಲಿ ಅದನ್ನು ಹೇಳಬೇಕು. ಗೆಳತಿ ಹೇಳಿದಳು. ಹುಡುಗ ಗಂಭೀರವಾಗಿ ತಲೆಯಾಡಿಸಿದ. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಆಟದ ಮೂಲ ಅಮೆರಿಕದ್ದು. ಅಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ದೇಶಕ್ಕೆ ದೇಶವೇ ಹೆಂಡ ಬಂದ್ ಆಗಿತ್ತು. ತಯಾರಿಸುವುದು, ಮಾರುವುದು, ಸಾಗಿಸುವುದು ಎಲ್ಲ ಅಪರಾಧ. ಜನ ಕುಡಿಯುವುದು ಬಿಟ್ಟರೇ? ಇಲ್ಲ. ಕದ್ದು ಮಾರುವ ಅಡ್ಡೆಗಳು ಬೀದಿಬೀದಿಗೆ ಹುಟ್ಟಿದವು. ಅವಕ್ಕೆ ‘ಸ್ಪೀಕ್‌ಈಸಿ’ ಅನ್ನುತ್ತಿದ್ದರು, ಅಂದರೆ ಮೆಲ್ಲಗೆ ಮಾತಾಡು ಅಂತ. ನ್ಯೂಯಾರ್ಕಿನ ‘21 ಕ್ಲಬ್’ ಇವುಗಳಲ್ಲಿ ಹೆಸರುವಾಸಿ. ಅದರ ನೆಲಮಾಳಿಗೆಯ ಗೋಡೆಯಲ್ಲೇ ಟನ್ನುಗಟ್ಟಲೆ ತೂಕದ ಬಾಗಿಲು ಅಡಗಿತ್ತು. ಇಟ್ಟಿಗೆಯ ಸಂದಿನ ಸಣ್ಣ ತೂತಿಗೆ ಉದ್ದನೆಯ ಕಬ್ಬಿಣದ ಕಡ್ಡಿ ತೂರಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಪೊಲೀಸರು ಬಂದರೆ ಕಪಾಟಿನ ಬಾಟಲಿಗಳೆಲ್ಲ ಒಮ್ಮೆಗೇ ಕೆಳಗಿನ ಗುಂಡಿಗೆ ಬಿದ್ದು ಒಡೆದುಹೋಗುವ ವ್ಯವಸ್ಥೆಯೂ ಇತ್ತು.

ಆಗಿನ ಕಳ್ಳ ಸಾರಾಯಿ ಬಾಯಿಗಿಡಲು ಆಗದಷ್ಟು ಕೆಟ್ಟದಾಗಿರುತ್ತಿತ್ತು. ಆ ವಾಸನೆ ಮುಚ್ಚಲು ಜೇನು, ನಿಂಬೆರಸ ಬೆರೆಸುವ ರೂಢಿ ಬೆಳೆಯಿತು. ಜಿನ್, ಜೇನು, ನಿಂಬೆರಸದ ‘ಬೀಸ್ ನೀಸ್’ ಅನ್ನುವ ಕಾಕ್‌ಟೇಲ್ ಆ ಕಾಲದ್ದೇ ಅನ್ನುತ್ತಾರೆ. ಕಾಕ್‌ಟೇಲ್ ಅಂದರೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಮದ್ಯಕ್ಕೆ ಹಣ್ಣಿನ ರಸ, ಸಕ್ಕರೆ, ಮಸಾಲೆ ಏನಾದರೂ ಬೆರೆಸಿ ಮಂಜುಗಡ್ಡೆ ಹಾಕಿ ಕುಲುಕಿದ್ದು. ನಾನು ಬೀಸ್ ನೀಸ್ ಕುಡಿದೆ. ಜ್ವರ ಬಂದಾಗ ಅವ್ವ ಕೊಡುತ್ತಿದ್ದ ಜೇನು-ನಿಂಬೆಯ ರುಚಿಯೇ, ಹಿಂದಿನಿಂದ ಸ್ವಲ್ಪ ಉರಿ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಿಷೇಧ ಹೋದ ಮೇಲೆ ಅಡಗುವ ಅಗತ್ಯ ಉಳಿಯಲಿಲ್ಲ. ಆದರೆ 1999ರ ಕೊನೆಗೆ ಸಾಶಾ ಪೆಟ್ರಾಸ್ಕಿ ಎಂಬಾತ ನ್ಯೂಯಾರ್ಕಿನಲ್ಲಿ ಬೋರ್ಡೇ ಇಲ್ಲದ ‘ಮಿಲ್ಕ್ ಆಂಡ್ ಹನಿ’ ತೆರೆದ. 2007ರಲ್ಲಿ ‘ಪಿಡಿಟಿ’ ಬಂತು. ಪೂರ್ತಿ ಹೆಸರು ‘ಪ್ಲೀಸ್ ಡೋಂಟ್ ಟೆಲ್’, ಯಾರಿಗೂ ಹೇಳಬೇಡಿ ಅಂತ. ಹಾಟ್‌ಡಾಗ್ ಅಂಗಡಿಯೊಳಗಿನ ಟೆಲಿಫೋನ್ ಬೂತಿನ ಮೂಲಕ ಒಳಗೆ ಹೋಗಬೇಕು. ಅಲ್ಲಿಂದ ಈ ಫ್ಯಾಷನ್ ಊರೂರಿಗೆ ಹಬ್ಬಿತು. ಬೆಂಗಳೂರಿನ ಲೀಲಾ ಪ್ಯಾಲೇಸ್‌ನಂಥ ದೊಡ್ಡ ಹೋಟೆಲಿನಲ್ಲೂ ಜಪಾನಿನ ಕ್ಯೋಟೊ ಶೈಲಿಯ ‘ಝಡ್‌ಎಲ್‌ಬಿ 23’ ಅನ್ನುವ ಇಂಥದೇ ಬಾರಿದೆ. ನಾವು ಅಲ್ಲಿಗೆ ಹೋಗಲಿಲ್ಲ, ಗೆಳತಿಯ ಕಂಪನಿಯ ಬಜೆಟ್ಟಿಗೂ ಒಂದು ಮಿತಿ ಇದೆ.

ಅಂದಹಾಗೆ, ಇವು ಯಾವುವೂ ಕಳ್ಳ ಬಾರುಗಳಲ್ಲ. ಕಪಾಟಿನ ಹಿಂದಿದ್ದ ಬಾರಿನಲ್ಲಿ ನಾನು ಮೊದಲು ಹುಡುಕಿದ್ದು ಲೈಸೆನ್ಸ್. ಸ್ಟ್ರಿಂಗರ್ ಚಾಳಿ. ಕ್ಯಾಶ್ ಕೌಂಟರಿನ ಹಿಂದೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ನಮ್ಮ ರಾಜ್ಯದಲ್ಲಿ ಬಾರ್ ಆಂಡ್ ರೆಸ್ಟೋರೆಂಟ್‌ಗೆ ಸಿಎಲ್-9, ವಸತಿ ಇರುವ ಹೋಟೆಲಿಗೆ ಸಿಎಲ್-7, ನಾವು ವೈನ್ ಶಾಪ್ ಅನ್ನುವ ಚಿಲ್ಲರೆ ಅಂಗಡಿಗೆ ಸಿಎಲ್-2, ಎಂಎಸ್‌ಐಎಲ್ ಮಳಿಗೆಗೆ ಸಿಎಲ್-11ಸಿ. ಅಂದರೆ ಸರ್ಕಾರಕ್ಕೆ ಫೀಸು ಕಟ್ಟಿ, ಎಲ್ಲ ಪರವಾನಗಿ ಪಡೆದು, ಆಮೇಲೆ ಇಲ್ಲದವರ ಹಾಗೆ ಅಡಗಿ ಕೂತಿದ್ದಾರೆ.

ನನಗೆ ನಗು ಬಂದದ್ದು ಇದಕ್ಕೇ. ನಮ್ಮೂರಲ್ಲಿ ಇದು ತಿರುವುಮುರುವು. ಲೈಸೆನ್ಸ್ ಇಲ್ಲ, ಆದರೆ ಅಡಗುವುದೂ ಇಲ್ಲ. ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಮಾಲೆಗಳ ಹಿಂದೆ ರಟ್ಟಿನ ಡಬ್ಬಿ, ಅದರಲ್ಲಿ 90 ಎಂಎಲ್‌ನ ಟೆಟ್ರಾ ಪ್ಯಾಕು. ಗುಟ್ಟಿನ ಪದವೂ ಉಂಟು: ‘ಔಷಧಿ ಐತೇನು?’ ಆರನೇ ಇಯತ್ತೆಯ ಹುಡುಗನಿಗೂ ಗೊತ್ತು. ಪ್ಯಾಕಿನ ಮೇಲಿನ ಬೆಲೆಗಿಂತ ಇಪ್ಪತ್ತು ರೂಪಾಯಿ ಜಾಸ್ತಿ. ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಉದ್ರಿ, ಸುಗ್ಗಿಯಲ್ಲಿ ಲೆಕ್ಕ.

ಮೂರು ವರ್ಷದ ಹಿಂದೆ ನಮ್ಮ ಓಣಿಯ ಹೆಣ್ಣುಮಕ್ಕಳು ಹನ್ನೊಂದು ಮಂದಿ ಮನೆಗೆ ಬಂದಿದ್ದರು. ‘ನೀ ಪೇಪರಿನಾಗ ಬರಿತೀಯಲ್ಲ, ಇದನ್ನ ಬರಿ’ ಅಂದರು. ಅವರಲ್ಲಿ ಒಬ್ಬಾಕೆಯ ಗಂಡ ಆ ವರ್ಷ ಲಿವರ್ ಕೆಟ್ಟು ತೀರಿಕೊಂಡಿದ್ದ. ಇನ್ನೊಬ್ಬಾಕೆ ಅವತ್ತು ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದಳು, ಯಾಕೆಂದು ನಾನು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಬರೆದೆ. ಮೂರು ಕಾಲಂ ಬಂತು. ದಾಳಿ ಆಯಿತು, ಎರಡು ಡಬ್ಬಿ ಜಪ್ತಿ ಆಯಿತು, ಹದಿನೈದು ದಿನ ಅಂಗಡಿ ಬಂದ್. ಹದಿನಾರನೇ ದಿನ ಮಾರಾಟ ಹಿಟ್ಟಿನ ಗಿರಣಿಯ ಹಿಂದಕ್ಕೆ ಹೋಯಿತು. ಈಗ ಮತ್ತೆ ಬಸ್ ಸ್ಟ್ಯಾಂಡಿಗೆ ಬಂದಿದೆ.

2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ರಾಜ್ಯದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋಗಿದ್ದರು. ಇನ್ನೂರು ಕಿಲೋಮೀಟರು, ಹನ್ನೆರಡು ದಿನ. ರಾಯಚೂರು ಕಡೆಯವರು ಬಹಳ ಮಂದಿ ಇದ್ದರು. ನಿಷೇಧದಿಂದ ಕುಡಿತ ನಿಲ್ಲುವುದಿಲ್ಲ ಅನ್ನುವುದಕ್ಕೆ ಅಮೆರಿಕದ ಕಥೆ ಹೇಳುವವರಿದ್ದಾರೆ, ನನಗೂ ಅದು ಅರ್ಥವಾಗುತ್ತದೆ. ಆದರೆ ಆ ವಾದವನ್ನು ತಲೆಗೆ ಪಟ್ಟಿ ಕಟ್ಟಿಕೊಂಡು ಬಂದವಳ ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮೂರನೇ ಬಾರಿನ ಥೀಮು ‘ಹಳ್ಳಿ’. ಗೆಳತಿ ಮೊದಲು ಹೇಳಿರಲಿಲ್ಲ. ಹಳೇ ಗೋದಾಮಿನ ಕಬ್ಬಿಣದ ಶಟರ್ ಎತ್ತಿ ಒಳಗೆ ಬಿಟ್ಟರು. ಗೋಡೆಗೆ ಎತ್ತಿನ ಬಂಡಿಯ ಗಾಲಿ, ಕಂದೀಲು, ಮಡಕೆ. ಮೆನು ಕಾರ್ಡಿನಲ್ಲಿ ಬೆಲ್ಲ, ಹುಣಸೆ, ಮೆಣಸಿನಕಾಯಿ ಹಾಕಿದ ಕಾಕ್‌ಟೇಲ್‌ಗಳು. ಒಂದರ ಹೆಸರು ‘ಪ್ಯಾಕೆಟ್’. 850 ರೂಪಾಯಿ. ಸರ್ವೀಸ್ ಚಾರ್ಜ್ ಬೇರೆ. ಪಕ್ಕದ ಟೇಬಲ್ಲಿಗೆ ಅದು ಬಂತು. ಪ್ಲಾಸ್ಟಿಕ್ ಪಾಕೀಟಿನಲ್ಲಿ ತಂದು, ಮೂಲೆ ಕತ್ತರಿಸಿ, ಸ್ಟೀಲ್ ಲೋಟಕ್ಕೆ ಸುರಿದರು. ಜತೆಗೆ ಬಾಳೆ ಎಲೆಯ ತುಂಡಿನ ಮೇಲೆ ಉಪ್ಪಿನಕಾಯಿ. ಆ ಟೇಬಲ್ಲಿನವರು ವಿಡಿಯೊ ಮಾಡಿಕೊಂಡರು.

ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಬಂದ್. ಆಗ ನಾನು ಹೈಸ್ಕೂಲು ಮುಗಿಸಿದ್ದೆ. ಅದಕ್ಕೂ ಮುಂಚೆ ಶಾಲೆಯ ಹಾದಿಯ ತುಂಬ ಖಾಲಿ ಪಾಕೀಟು ಬಿದ್ದಿರುತ್ತಿದ್ದವು. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಿರುತ್ತಿದ್ದರು, ಕತ್ತರಿ ಎಲ್ಲಿಂದ ಬರಬೇಕು. ನಮ್ಮ ದೊಡ್ಡಪ್ಪ ಅಂಥ ಪಾಕೀಟು ಕಿಸೆಯಲ್ಲಿಟ್ಟುಕೊಂಡೇ ಕಾಲುವೆಯಲ್ಲಿ ಸಿಕ್ಕಿದ್ದು. ಗೆಳತಿ ‘ಟ್ರೈ ಮಾಡ್ತೀಯಾ?’ ಅಂದಳು. ಬೇಡ ಅಂದೆ. ಅವಳಿಗೆ ದೊಡ್ಡಪ್ಪನ ವಿಷಯ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಅವಳು ಬರೆಯಬೇಕಿತ್ತು, ರುಚಿ ನೋಡಿ ನೋಟ್ ಮಾಡಿಕೊಂಡಳು.

ನಾನು ಎದ್ದು ಕೌಂಟರಿನ ಹತ್ತಿರ ಹೋಗಿ ನಿಂತೆ. ಮಂಜುಗಡ್ಡೆಯನ್ನು ಚಾಕುವಿನಿಂದ ಗಾಜಿನ ಹಾಗೆ ಕಡಿಯುತ್ತಿದ್ದ ಹುಡುಗ ನನ್ನ ಮಾತು ಕೇಳಿ ‘ಯಾವ ಕಡೆಯವರ್ರೀ?’ ಅಂದ. ಇಂಡಿ ಕಡೆ ಅಂದೆ. ಅವನದು ಸಿಂದಗಿ ತಾಲೂಕು. ಬಂದು ನಾಲ್ಕು ವರ್ಷವಾಗಿದೆ. ಮೊದಲು ತಟ್ಟೆ ಎತ್ತುತ್ತಿದ್ದ, ನೋಡಿ ನೋಡಿ ಕಲಿತ. ಈಗ ಕಣ್ಣುಮುಚ್ಚಿ ಮೂವತ್ತು ಎಂಎಲ್ ಅಳತೆ ಹಾಕುತ್ತಾನೆ. ಹಾಕಿ ತೋರಿಸಿದ, ಅಳತೆ ಲೋಟಕ್ಕೆ ಸುರಿದರೆ ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳ್ಳೇ ಕೆಲಸಗಾರ. ತಿಂಗಳಿಗೆ ಮನೆಗೆ ಕಳಿಸುವ ಹಣ ಹೇಳಿದ. ಸುದ್ದಿಗೆ ಇಷ್ಟು ಅಂತ ಎಣಿಸಿ ನನಗೆ ಬರುವುದಕ್ಕಿಂತ ಜಾಸ್ತಿ. ತಂಗಿಯ ಬಿ.ಇಡಿ ಫೀಸು ಅದರಿಂದಲೇ.

‘ಮನ್ಯಾಗ ಗೊತ್ತೈತೇನು?’ ಅಂತ ಕೇಳಿದೆ.

‘ಹೋಟೆಲ್ ಅಂತ ಹೇಳೀನ್ರಿ. ಅವ್ವಗ ಜ್ಯೂಸ್ ಸೆಕ್ಷನ್ ಅಂದೀನಿ. ನಮ್ಮಪ್ಪ ಕುಡದು ಕುಡದು ಹೋದ ಮನುಷ್ಯಾರೀ.’

ಗೆಳತಿ ಬಂದು ಅವನ ಫೋಟೊ ಕೇಳಿದಳು. ಕೈ ಮಾತ್ರ ತೆಗೀರಿ, ಮುಖ ಬೇಡ ಅಂದ. ಅವಳು ಹಾಗೇ ತೆಗೆದಳು. ಆಮೇಲೆ ನಾನು ಕೇಳದೆಯೇ ಒಂದು ಗ್ಲಾಸು ಮುಂದೆ ತಳ್ಳಿದ. ಬೆಲ್ಲ, ಹುಣಸೆರಸ, ಏಲಕ್ಕಿ, ಸೋಡಾ. ‘ಇದರಾಗ ಏನೂ ಇಲ್ರಿ, ಕುಡೀರಿ, ಬಿಲ್ಲಿಗೆ ಹಾಕಂಗಿಲ್ಲ’ ಅಂದು, ಮುಂದಿನ ಆರ್ಡರಿನ ಪಾಕೀಟು ತುಂಬಲು ತಿರುಗಿದ.