ಸೈಕಲ್ಲಿಗೆ ದೊರೆತ ದಾರಿ

ನೆದರ್ಲೆಂಡ್ಸ್ ದೇಶವನ್ನು ಸೈಕಲ್ಲುಗಳ ತವರೆಂದು ಹೊಗಳುವವರು ಆ ಕೀರ್ತಿಯನ್ನು ಅಲ್ಲಿನ ಸಮತಟ್ಟಾದ ನೆಲಕ್ಕೇ ಸಲ್ಲಿಸಿಬಿಡುವುದುಂಟು. ಆ ನೆಲವು ಕಾರುಗಳಿಗೂ ಅಷ್ಟೇ ಅನುಕೂಲವಾಗಿದ್ದಿತು! ಎರಡನೆಯ ಮಹಾಯುದ್ಧದ ತರುವಾಯ ಜನರ ಕೈಯಲ್ಲಿ ಹಣವಾಡತೊಡಗಿದಂತೆ ಬೀದಿಗಳಲ್ಲಿ ಕಾರುಗಳು ತುಂಬಿದವು. ಸೈಕಲ್ ಸವಾರನು ಅಂಚಿಗೆ ಸರಿದನು. 1971ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬನು 1972ರಲ್ಲಿ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬ ಲೇಖನವನ್ನು ಬರೆದನು. ಆ ಮಾತೇ ಒಂದು ಚಳವಳಿಯ ಹೆಸರಾಯಿತು. ತಾಯಿತಂದೆಯರು ಮಕ್ಕಳೊಡನೆ ಬೀದಿಗಿಳಿದರು. ಮರುವರ್ಷ ತೈಲದ ಅಭಾವ ತಲೆದೋರಿ, ಭಾನುವಾರಗಳಂದು ಕಾರು ಓಡಿಸುವುದನ್ನು ಸರ್ಕಾರವೇ ನಿಷೇಧಿಸಿದಾಗ, ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ಆಡಿದರು.

ಕೆಲವೇ ವರ್ಷಗಳಲ್ಲಿ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಸೈಕಲ್ಲುಗಳಿಗೆ ಪ್ರತ್ಯೇಕ ಹಾದಿಗಳು ಸಿದ್ಧವಾದವು. ಗಿರಾಕಿಗಳು ತಪ್ಪಿಹೋದಾರೆಂದು ಹೇಗಿನ ವರ್ತಕರು ಪ್ರತಿಭಟಿಸಿದರು. ಅಂಗಡಿಯ ಚಿಂತೆಯೂ ಸಣ್ಣದಲ್ಲವಷ್ಟೆ. ಹೊಸ ಹಾದಿಗಳಲ್ಲಿ ಸವಾರರು ಹೆಚ್ಚಿದರು. ಆದರೆ ಅವರಲ್ಲಿ ಹಲವರು ಪಕ್ಕದ ಬೀದಿಗಳನ್ನು ತೊರೆದು ಬಂದವರು. ಒಂಟಿ ಹಾದಿಯು ಮುಗಿದೆಡೆಯಲ್ಲಿ ಸವಾರನು ಮತ್ತೆ ಕಾರುಗಳ ನಡುವೆಯೇ ನುಸುಳಬೇಕಾಗಿತ್ತು. ಡೆಲ್ಫ್ಟ್ ಪಟ್ಟಣವು ಈ ಕುಂದನ್ನು ಅರಿತು, 1980ರ ದಶಕದಲ್ಲಿ ಇಡೀ ಊರಿಗೆ ಸೈಕಲ್ ಹಾದಿಗಳ ಬಲೆಯನ್ನೇ ನೇಯಿತು. ಮನೆಯಿಂದ ಶಾಲೆಯವರೆಗೆ ದಾರಿ ಕಡಿಯದಂತೆ, ಅಡ್ಡಿಯಾದೆಡೆ ಸೇತುವೆ ಸುರಂಗಗಳನ್ನು ಕಟ್ಟಿತು.